ಲಾಭ ಧಣಿಯದು, ನಷ್ಟ ಊರಿನದು



ಬೆಳೆಸಾಲಕ್ಕೆಂದು ಬ್ಯಾಂಕಿನ ಮೆಟ್ಟಿಲು ಹತ್ತಿದ ಎಲ್ಲರಿಗೂ ಅಲ್ಲಿ ಏನೇನು ಕೇಳುತ್ತಾರೆ ಎಂಬುದು ಗೊತ್ತು. ಪಹಣಿ ತನ್ನಿ ಎನ್ನುತ್ತಾರೆ. ಮ್ಯುಟೇಷನ್ ತನ್ನಿ, ಇ.ಸಿ. ತನ್ನಿ, ಸುತ್ತಮುತ್ತಲ ಬ್ಯಾಂಕುಗಳಲ್ಲಿ ಬಾಕಿ ಇಲ್ಲವೆಂಬ ಚೀಟಿ ತನ್ನಿ ಎನ್ನುತ್ತಾರೆ. ಪಹಣಿ ಇನ್ನೂ ತೀರಿಕೊಂಡ ಅಪ್ಪನ ಹೆಸರಲ್ಲೇ ಇದ್ದರೆ ಪೌತಿ ಖಾತೆ ಆಗುವವರೆಗೆ ಬರಬೇಡಿ ಎನ್ನುತ್ತಾರೆ. ಅಷ್ಟರಲ್ಲಿ ಬಿತ್ತನೆಯ ಹದ ಹೋಗಿರುತ್ತದೆ, ಅದು ಬೇರೆ ಮಾತು. ಇದಕ್ಕಾಗಿ ಬ್ಯಾಂಕಿನವರನ್ನು ಬೈಯುವುದು ನಮ್ಮ ಉದ್ದೇಶವಲ್ಲ. ಜನರ ಠೇವಣಿ ದುಡ್ಡನ್ನು ಕೈಯಲ್ಲಿ ಹಿಡಿದವರು ಜಾಮೀನು ಕೇಳಲೇಬೇಕು. ಕೇಳಲಿ. ನಮ್ಮ ಪ್ರಶ್ನೆ ಬೇರೆ. ಇಷ್ಟೆಲ್ಲ ಕೇಳುವ ಬ್ಯಾಂಕುಗಳೇ ಬೆಂಗಳೂರಿನ ಒಂದು ವಿಮಾನ ಕಂಪನಿಗೆ ಸಾವಿರಾರು ಕೋಟಿ ಕೊಟ್ಟಾಗ ಅಡಮಾನದ ದೊಡ್ಡ ಬಾಬತ್ತಾಗಿ ಏನನ್ನು ಬರೆಸಿಕೊಂಡವು ಗೊತ್ತೇ? ಒಂದು ಹೆಸರನ್ನು. ಕಿಂಗ್‌ಫಿಷರ್ ಎಂಬ ಹೆಸರು, ಆ ಹಕ್ಕಿಯ ಚಿತ್ರ. ಅದಕ್ಕೆ ಸಾವಿರಾರು ಕೋಟಿ ರೂಪಾಯಿ ಬೆಲೆ ಕಟ್ಟಿದ ಕಾಗದವೊಂದಿತ್ತು. 2016ರ ಏಪ್ರಿಲ್ ತಿಂಗಳಲ್ಲಿ ಅದೇ ಹೆಸರನ್ನು 366 ಕೋಟಿ 70 ಲಕ್ಷಕ್ಕೆ ಹರಾಜಿಗಿಟ್ಟರು. ಕೂಗಿದವರು ಒಬ್ಬರೂ ಇಲ್ಲ.

ನಿಮ್ಮ ಊರಿನ ಹೆಸರಾಂತ ಮನೆತನದ ಯಜಮಾನರು ನಾಳೆ ಬ್ಯಾಂಕಿಗೆ ಹೋಗಿ, "ಸ್ವಾಮಿ, ಜಮೀನು ಬೇಡ, ನಮ್ಮ ಮನೆತನದ ಹೆಸರನ್ನೇ ಅಡ ಇಟ್ಟುಕೊಂಡು ಸಾಲ ಕೊಡಿ" ಅಂದರೆ ಮ್ಯಾನೇಜರು ಏನು ಹೇಳಿಯಾರು? ನೀರು ಕುಡಿಸಿ ಕಳಿಸಿಯಾರು.

ಈ ಕಂಪನಿಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ, ಏಕೆಂದರೆ ಮುಂದೆ ಹೇಳಬೇಕಾದ ಮಾತಿಗೆಲ್ಲ ಅದು ಅಡಿಪಾಯ. 2005ರ ಮೇ ತಿಂಗಳಲ್ಲಿ ಇದರ ಮೊದಲ ವಿಮಾನ ಹಾರಿತು. ಕೊನೆಯವರೆಗೂ ಒಂದು ವರ್ಷವಾದರೂ ಲಾಭ ಕಾಣಲಿಲ್ಲ. ಕ್ಯಾಪ್ಟನ್ ಗೋಪಿನಾಥರು ಕಟ್ಟಿದ್ದ ಏರ್ ಡೆಕ್ಕನ್ ಕಂಪನಿಯನ್ನೂ ಕೊಂಡು ಸೇರಿಸಿಕೊಂಡ ಮೇಲೆ ನಷ್ಟ ಇನ್ನೂ ಹಿಗ್ಗಿತು. 2010ರಲ್ಲಿ ಬ್ಯಾಂಕುಗಳು ಕೂತು ಸಾಲದ ಕಂತುಗಳನ್ನು ಮುಂದಕ್ಕೆ ಹಾಕಿ ಹೊಸ ಲೆಕ್ಕ ಬರೆದವು. 2011ರಲ್ಲಿ ಸಾಲದ ಒಂದು ಭಾಗವನ್ನು, ಸುಮಾರು 750 ಕೋಟಿಯನ್ನು, ಸಾಲದ ಪುಸ್ತಕದಿಂದ ತೆಗೆದು ಅದರ ಬದಲು ಕಂಪನಿಯ ಷೇರು ತೆಗೆದುಕೊಂಡವು. ಆ ದಿನ ಷೇರುಪೇಟೆಯಲ್ಲಿ ಒಂದು ಷೇರಿಗೆ ಹತ್ತಿರ ಹತ್ತಿರ 40 ರೂಪಾಯಿ. ಬ್ಯಾಂಕುಗಳು ಹಾಕಿಕೊಂಡ ಬೆಲೆ 64 ರೂಪಾಯಿ 48 ಪೈಸೆ. ಸಂತೆಯಲ್ಲಿ ಎಲ್ಲರಿಗೂ ನಲವತ್ತಕ್ಕೆ ಸಿಗುವ ಸರಕನ್ನು ಅರವತ್ತನಾಲ್ಕು ಕೊಟ್ಟು ಮನೆಗೆ ತಂದವನಿಗೆ ಹೆಂಡತಿ ಏನನ್ನುತ್ತಾಳೋ ನಿಮಗೇ ಗೊತ್ತು. ಆದರೆ ಇಲ್ಲಿ ದುಡ್ಡು ತಂದವನದಲ್ಲವಲ್ಲ! 2012ರ ಅಕ್ಟೋಬರಿನಲ್ಲಿ ವಿಮಾನಗಳು ನೆಲಕ್ಕಿಳಿದವು. ನೌಕರರ ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿಯಿತು. 17 ಬ್ಯಾಂಕುಗಳ ಬಾಕಿ ಬಡ್ಡಿ ಸೇರಿ ಸುಮಾರು 9,000 ಕೋಟಿ ಮುಟ್ಟಿತು. 2016ರ ಮಾರ್ಚ್ 2ರಂದು ಕಂಪನಿಯ ಧಣಿ ವಿಜಯ ಮಲ್ಯ ದೇಶ ಬಿಟ್ಟರು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಆಮೇಲೆ ಅವರ ಆಸ್ತಿ, ಷೇರುಗಳನ್ನು ಜಪ್ತಿ ಮಾಡಿ 14,131 ಕೋಟಿಯನ್ನು ಬ್ಯಾಂಕುಗಳಿಗೆ ಹಿಂತಿರುಗಿಸಿದ್ದೇವೆ ಎಂದು 2024ರ ಡಿಸೆಂಬರಿನಲ್ಲಿ ಹಣಕಾಸು ಮಂತ್ರಿಗಳು ಲೋಕಸಭೆಯಲ್ಲಿ ಹೇಳಿದರು. ಕೊಡಬೇಕಾದ್ದಕ್ಕಿಂತ ಹೆಚ್ಚೇ ವಸೂಲಾಗಿದೆ ಎಂಬುದು ಮಲ್ಯರ ವಾದ. ಅದನ್ನು ಹಿಡಿದು ಅವರು ಕರ್ನಾಟಕ ಹೈಕೋರ್ಟಿಗೂ ಹೋದರು. ಅದನ್ನು ಕೋರ್ಟುಗಳು ನೋಡಿಕೊಳ್ಳಲಿ. ಒಬ್ಬ ಮನುಷ್ಯ ಕಳ್ಳನೋ ಸುಳ್ಳನೋ ಎಂಬ ಚರ್ಚೆ ಟಿ.ವಿ.ಯವರಿಗೆ ಬೇಕಾದ ಚರ್ಚೆ. ನಮಗೆ ಬೇಕಾದದ್ದು, ನಷ್ಟದಲ್ಲಿ ಮುಳುಗುತ್ತಿದ್ದ ಕಂಪನಿಗೆ ಮತ್ತೆ ಮತ್ತೆ ಹಗ್ಗ ಎಸೆದವರು ಯಾರು, ಯಾರ ದುಡ್ಡಿನ ಹಗ್ಗ ಅದು ಎಂಬುದು.

ಇಲ್ಲಿ ಪಕ್ಷಗಳ ಮಾತು ಬರುತ್ತದೆ. ಮಲ್ಯರನ್ನು ರಾಜ್ಯಸಭೆಗೆ ಕಳಿಸಿದ್ದು ನಮ್ಮ ಕರ್ನಾಟಕವೇ, ಅದೂ ಎರಡು ಸಲ. 2002ರಲ್ಲಿ ಕಾಂಗ್ರೆಸ್ಸು ಮತ್ತು ಜಾತ್ಯತೀತ ಜನತಾದಳದ ಬೆಂಬಲ. 2010ರಲ್ಲಿ ಜನತಾದಳ ಮತ್ತು ಬಿಜೆಪಿಯ ಬೆಂಬಲ. ಮೂರು ಪಕ್ಷಗಳೂ ಸರದಿಯ ಮೇಲೆ ಕೈ ಎತ್ತಿದವು. ರಾಜ್ಯಸಭೆಗೆ ಓಟು ಹಾಕುವವರು ಶಾಸಕರು, ಶಾಸಕರಿಗೆ ಓಟು ಹಾಕಿದವರು ನಾವು. ಊರಲ್ಲಿ ಪಕ್ಷದ ಹೆಸರು ಹೇಳಿಕೊಂಡು ಅಣ್ಣತಮ್ಮಂದಿರು ಮಾತು ಬಿಟ್ಟಿರುತ್ತಾರೆ, ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಹೋಗುವುದಿಲ್ಲ. ಅತ್ತ ವಿಧಾನಸೌಧದ ಮೂರನೇ ಮಹಡಿಯಲ್ಲಿ ಇವರೆಲ್ಲ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿರುತ್ತಾರೆ.

ಇದು ಒಬ್ಬ ಧಣಿಯ ಕತೆಯಾಗಿದ್ದರೆ ಒಂದು ಸಂಪಾದಕೀಯವನ್ನು ವ್ಯರ್ಥ ಮಾಡುತ್ತಿರಲಿಲ್ಲ. ಏರ್ ಇಂಡಿಯಾ ನೋಡಿ. 2012ರಲ್ಲಿ ಕಾಂಗ್ರೆಸ್ ಸರ್ಕಾರ ಅದಕ್ಕೆ ಹತ್ತಿರ ಹತ್ತಿರ 30,000 ಕೋಟಿ ಕೊಡುವ ಯೋಜನೆ ಹಾಕಿತು. ಮುಂದೆ ಬಂದ ಬಿಜೆಪಿ ಸರ್ಕಾರವೂ ಸುರಿಯುತ್ತ ಹೋಗಿ, ಕೊನೆಗೆ 2022ರ ಜನವರಿಯಲ್ಲಿ ಟಾಟಾ ಕಂಪನಿಗೆ ಒಪ್ಪಿಸಿತು. ಮಾರಿದ್ದು ತಪ್ಪಲ್ಲ, ಇಪ್ಪತ್ತು ವರ್ಷ ಮೊದಲೇ ಮಾರಬೇಕಿತ್ತು. ಆದರೆ ಮಾರುವಾಗ 61,562 ಕೋಟಿ ಸಾಲದಲ್ಲಿ 46,262 ಕೋಟಿ ಮಾತ್ರ ಸರ್ಕಾರದ ತಲೆಯ ಮೇಲೆಯೇ ಉಳಿಯಿತು. ಜೀವಮಾನದಲ್ಲಿ ವಿಮಾನದ ಬಾಗಿಲು ನೋಡದ ಹೆಣ್ಣುಮಗಳೊಬ್ಬಳು ಬೆಂಕಿಪೊಟ್ಟಣ ಕೊಂಡಾಗ ಕಟ್ಟುವ ತೆರಿಗೆಯಲ್ಲಿ ಅದರ ಬಡ್ಡಿಯೂ ಸೇರಿದೆ. ಇನ್ನು ವೊಡಾಫೋನ್ ಐಡಿಯಾ. ಸರ್ಕಾರಕ್ಕೆ ಕಟ್ಟಬೇಕಾದ ಬಾಕಿ ಕಟ್ಟಲಾರೆ ಎಂದಿತು. 2023ರಲ್ಲಿ 16,133 ಕೋಟಿ ಬಾಕಿಯನ್ನು ಷೇರು ಮಾಡಿಕೊಂಡರು. 2025ರಲ್ಲಿ ಮತ್ತೆ 36,950 ಕೋಟಿ. ಹೀಗೆ ಫೋನ್ ಕಂಪನಿಯಲ್ಲಿ ಸುಮಾರು ಅರ್ಧ ಪಾಲು ಸರ್ಕಾರದ್ದಾಯಿತು. ನೀವು ನೀರಾವರಿ ಕರ ಬಾಕಿ ಉಳಿಸಿಕೊಂಡರೆ, "ನಿಮ್ಮ ಗದ್ದೆಯಲ್ಲಿ ಸರ್ಕಾರವೂ ಪಾಲುದಾರನಾಗಿ ನಷ್ಟದಲ್ಲಿ ಅರ್ಧ ಹೊರುತ್ತೆ" ಎಂದು ಯಾವ ತಹಸೀಲ್ದಾರರೂ ಬಂದು ಹೇಳಿದ್ದಿಲ್ಲ.

ಬ್ಯಾಂಕುಗಳ ಮಾತಿಗೆ ಬರೋಣ. 2017ರ ಅಕ್ಟೋಬರಿನಲ್ಲಿ ಸರ್ಕಾರಿ ಬ್ಯಾಂಕುಗಳಿಗೆ ಬಂಡವಾಳ ತುಂಬಲು 2 ಲಕ್ಷ 11 ಸಾವಿರ ಕೋಟಿಯ ಯೋಜನೆ ಪ್ರಕಟವಾಯಿತು. ಅದರಲ್ಲಿ 1 ಲಕ್ಷ 35 ಸಾವಿರ ಕೋಟಿ ಬಾಂಡುಗಳ ರೂಪದಲ್ಲಿ. ಆ ಬಾಂಡಿನ ಚಮತ್ಕಾರ ಹೀಗಿದೆ: ಬ್ಯಾಂಕಿನಿಂದಲೇ ಸರ್ಕಾರ ಸಾಲ ಪಡೆಯುತ್ತದೆ, ಆ ದುಡ್ಡನ್ನೇ ಬ್ಯಾಂಕಿಗೆ ಬಂಡವಾಳ ಎಂದು ವಾಪಸ್ಸು ಕೊಡುತ್ತದೆ, ವರ್ಷವರ್ಷದ ಬಡ್ಡಿಯನ್ನು ಬಜೆಟ್ಟಿನಿಂದ ಕಟ್ಟುತ್ತದೆ. ಎಡಗೈಯಿಂದ ಬಲಗೈಗೆ. ಬಡ್ಡಿ ಮಾತ್ರ ನಿಮ್ಮ ಜೇಬಿನಿಂದ. ಬ್ಯಾಂಕಿನಲ್ಲಿ ಈ ಹೊಂಡ ಬಿದ್ದದ್ದು ಹೇಗೆ? 2014–15ರಿಂದ 2022–23ರವರೆಗೆ ಒಂಬತ್ತು ವರ್ಷಗಳಲ್ಲಿ ಬ್ಯಾಂಕುಗಳು ಲೆಕ್ಕದಿಂದ ತೆಗೆದುಹಾಕಿದ ಸಾಲ 14 ಲಕ್ಷ 56 ಸಾವಿರ ಕೋಟಿ. ಅರ್ಧಕ್ಕಿಂತ ಹೆಚ್ಚು, 7 ಲಕ್ಷ 41 ಸಾವಿರ ಕೋಟಿ, ದೊಡ್ಡ ಉದ್ದಿಮೆಗಳದ್ದು. ಇದು ಸರ್ಕಾರವೇ ಲೋಕಸಭೆಗೆ ಕೊಟ್ಟ ಉತ್ತರ. "ಲೆಕ್ಕದಿಂದ ತೆಗೆದದ್ದು ಮನ್ನಾ ಅಲ್ಲ, ವಸೂಲಿ ನಡೆದೇ ಇರುತ್ತದೆ" ಎಂದು ಮಂತ್ರಿಗಳು ಹೇಳುತ್ತಾರೆ. ಆ ಮಾತು ಕಾನೂನಿನ ಪ್ರಕಾರ ಸರಿ, ನಮ್ಮ ಭಾಷಣಕಾರರು ಕೆಲವರು ಎರಡನ್ನೂ ಒಂದೇ ಮಾಡಿ ಕೂಗುವುದು ಸರಿಯಲ್ಲ. ಆದರೆ ಅದೇ ಒಂಬತ್ತು ವರ್ಷಗಳಲ್ಲಿ ಹಾಗೆ ತೆಗೆದ ಸಾಲಗಳಿಂದ ವಸೂಲಾದದ್ದು ಎಲ್ಲ ಸೇರಿ 2 ಲಕ್ಷ 4 ಸಾವಿರ ಕೋಟಿ ಚಿಲ್ಲರೆ. ನೂರರಲ್ಲಿ ಹದಿನಾಲ್ಕು. ಉಳಿದದ್ದಕ್ಕೆ ಏನೆಂದು ಹೆಸರಿಡೋಣ?

ಈ ಬ್ಯಾಂಕುಗಳು ಯಾರದ್ದಾಗಿದ್ದವು ಎಂಬುದನ್ನು ದಕ್ಷಿಣ ಕನ್ನಡದವರು ಮರೆತಿರಲಾರರು. ಕೆನರಾ ಬ್ಯಾಂಕು, ಕಾರ್ಪೊರೇಷನ್ ಬ್ಯಾಂಕು ಹುಟ್ಟಿದ್ದು 1906ರಲ್ಲಿ. ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಉಡುಪಿಯಲ್ಲಿ ಶುರುವಾಗಿ, ದಿನಕ್ಕೆ ಎರಡಾಣೆಯ ಪಿಗ್ಮಿ ಕಟ್ಟಿಸಿಕೊಂಡು ಬೆಳೆಯಿತು. 1931ರಲ್ಲಿ ವಿಜಯಾ ಬ್ಯಾಂಕನ್ನು ಕಟ್ಟಿದವರು ಎ.ಬಿ. ಶೆಟ್ಟರೂ ಅವರ ಜೊತೆಯ ರೈತರೂ. ಜಗತ್ತೇ ಆರ್ಥಿಕ ಕುಸಿತದಲ್ಲಿ ಬಿದ್ದು ಬೆಳೆಗೆ ಬೆಲೆ ಇಲ್ಲದ ಕಾಲದಲ್ಲಿ ರೈತರೇ ಬ್ಯಾಂಕು ಕಟ್ಟಿದರು! 1969ರಲ್ಲಿ ಮತ್ತು 1980ರಲ್ಲಿ ಇವೆಲ್ಲ ರಾಷ್ಟ್ರೀಕರಣವಾದವು. ಅದರಿಂದ ಹಳ್ಳಿಗೆ ಶಾಖೆಗಳು ಬಂದವು, ಸಾಹುಕಾರನ ಬಡ್ಡಿಯಿಂದ ಎಷ್ಟೋ ಮನೆಗಳು ಪಾರಾದವು, ನಿಜ. ಜೊತೆಗೇ ಬ್ಯಾಂಕಿನ ಬೀಗದ ಕೈ ದಿಲ್ಲಿಯ ಆಳುವ ಪಕ್ಷದ ಸೊಂಟಕ್ಕೆ ಹೋಯಿತು. ಕಾಂಗ್ರೆಸ್ಸಿನ ಕಾಲದಲ್ಲಿ ಫೋನ್ ಮಾಡಿ ಸಾಲ ಕೊಡಿಸುತ್ತಿದ್ದರು ಎಂದು ಬಿಜೆಪಿಯವರು ಹೀಗಳೆದರು. ಸರಿಯಾಗಿಯೇ ಹೇಳಿದರು. ಆದರೆ ತಾವು ಬಂದ ಮೇಲೆ ಆ ಫೋನನ್ನು ಮೇಜಿನ ಮೇಲಿಂದ ತೆಗೆಯಲಿಲ್ಲ. ಈಗ ಸಿಂಡಿಕೇಟ್ ಹೆಸರಿಲ್ಲ, ಕಾರ್ಪೊರೇಷನ್ ಹೆಸರಿಲ್ಲ, ವಿಜಯಾ ಹೆಸರೂ ಇಲ್ಲ. 2019–20ರಲ್ಲಿ ದೊಡ್ಡ ಬ್ಯಾಂಕುಗಳ ಹೊಟ್ಟೆ ಸೇರಿದವು.

ಕಬ್ಬು ಬೆಳೆಯುವವರಿಗೆ ಇದು ದೂರದ ಕತೆಯಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಹಾಕಿದ ಹದಿನಾಲ್ಕು ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು. ತಡವಾದರೆ ನೂರಕ್ಕೆ ಹದಿನೈದರ ಬಡ್ಡಿ ಸೇರಿಸಿ ಕೊಡಬೇಕು. ಆ ಬಡ್ಡಿಯನ್ನು ಕೈಯಾರೆ ಎಣಿಸಿಕೊಂಡವರು ಇದ್ದರೆ ದಯವಿಟ್ಟು ನಮಗೆ ಕಾಗದ ಬರೆಯಿರಿ, ಹೆಸರು ಅಚ್ಚು ಹಾಕುತ್ತೇವೆ. 2013ರ ನವೆಂಬರಿನಲ್ಲಿ ಬೆಳಗಾವಿಯ ಸುವರ್ಣಸೌಧದಲ್ಲಿ ಅಧಿವೇಶನ ನಡೆದಿರುವಾಗ ಕಬ್ಬಿನ ಬೆಲೆಗಾಗಿ ಧರಣಿ ಕೂತಿದ್ದ ಒಬ್ಬ ರೈತ ವಿಷ ಕುಡಿದು ಜೀವ ಬಿಟ್ಟರು. ಮುಂದಿನ ತಿಂಗಳೇ ದಿಲ್ಲಿ ಸರ್ಕಾರ ರೈತರ ಬಾಕಿ ತೀರಿಸಲೆಂದು 6,600 ಕೋಟಿ ಬಡ್ಡಿಯಿಲ್ಲದ ಸಾಲ ಕೊಡಿಸಿತು. ಯಾರಿಗೆ? ಕಾರ್ಖಾನೆಗಳಿಗೆ. 2015ರಲ್ಲಿ ಪಕ್ಷ ಬದಲಾಗಿತ್ತು. ಆಗ 6,000 ಕೋಟಿ, ಅದೂ ಕಾರ್ಖಾನೆಗಳಿಗೆ. ಸತ್ತವನು ರೈತ, ಸಹಾಯದ ಚೀಟಿಯಲ್ಲಿ ಬರೆದದ್ದು ರೈತನ ಹೆಸರು, ಬಡ್ಡಿ ಉಳಿದದ್ದು ಧಣಿಗೆ. ಬೆಳಗಾವಿ, ಬಾಗಲಕೋಟೆ ಕಡೆ ಕಾರ್ಖಾನೆಗಳ ಆಡಳಿತ ಮಂಡಳಿಗಳಲ್ಲಿ ಯಾವ ಯಾವ ಪಕ್ಷದವರು ಕೂತಿದ್ದಾರೆ ಎಂದು ನೀವೇ ಎಣಿಸಿಕೊಳ್ಳಿ. ಯಾವ ಪಕ್ಷವನ್ನೂ ಬಿಟ್ಟುಬಿಟ್ಟರು ಎಂದು ಬೇಜಾರು ಪಡಬೇಕಾಗಿಲ್ಲ.

ಕಬ್ಬಿನವನಿಗೆ ಬೇಕಿದ್ದದ್ದು ಈ ಸಾಲವಲ್ಲ. ಬೆಲೆ ಹೆಚ್ಚು ಕೊಡುವ, ದುಡ್ಡು ಬೇಗ ಕೊಡುವ ಇನ್ನೊಂದು ಗಿರಾಕಿ. ಅದಕ್ಕೇ ಅಡ್ಡಗೋಡೆ. ಈ ಹಳ್ಳಿಯ ಕಬ್ಬು ಈ ಕಾರ್ಖಾನೆಗೇ ಎಂದು ಪ್ರದೇಶ ಹಂಚುತ್ತಾರೆ. ಒಂದು ಕಾರ್ಖಾನೆಯಿಂದ ಹದಿನೈದು ಕಿಲೋಮೀಟರಿನೊಳಗೆ ಇನ್ನೊಂದು ಬರಕೂಡದು ಎಂದು 2006ರಲ್ಲಿ ಆದೇಶ ತಂದರು. 2012ರಲ್ಲಿ ರಂಗರಾಜನ್ ಸಮಿತಿ ಈ ಎರಡನ್ನೂ ತೆಗೆಯಿರಿ ಎಂದು ಹೇಳಿತು. ಧಣಿಗೆ ಇಷ್ಟವಿದ್ದ ಶಿಫಾರಸು, ಅಂದರೆ ಲೆವಿ ಸಕ್ಕರೆ ರದ್ದು, ಮರುವರ್ಷವೇ ಜಾರಿಯಾಯಿತು. ಹದಿನೈದು ಕಿಲೋಮೀಟರಿನ ಬೇಲಿ ಹಾಗೇ ನಿಂತಿತು. ಮಂಡ್ಯದ ಓದುಗರಿಗೆ ಹಿತವಾಗದ ಒಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ. 1933ರ ಮೈಷುಗರ್ ಕಾರ್ಖಾನೆಯ ಮೇಲೆ ಆ ಸೀಮೆಯ ಜನಕ್ಕಿರುವ ಅಭಿಮಾನ ದೊಡ್ಡದು, ನಮಗೂ ಇದೆ. ಆದರೆ ಸರ್ಕಾರ ನೂರಾರು ಕೋಟಿ ಸುರಿದ ಮೇಲೂ ಅದು ಮತ್ತೆ ಮತ್ತೆ ನಿಂತದ್ದನ್ನು ಕಂಡೂ, ಇನ್ನೊಂದು ಕಂತು ಕೊಟ್ಟರೆ ಸರಿಹೋಗುತ್ತದೆ ಎನ್ನುವವರು ಕಿಂಗ್‌ಫಿಷರಿನ ಬ್ಯಾಂಕುಗಳ ಮಾತನ್ನೇ ಆಡುತ್ತಿದ್ದಾರೆ.

ಈ ರೋಗ ನಮ್ಮ ದೇಶದ್ದು ಮಾತ್ರವೂ ಅಲ್ಲ. ಅಮೆರಿಕದವರು ನಮಗೆ ಮುಕ್ತ ಮಾರುಕಟ್ಟೆಯ ಪಾಠ ಹೇಳುತ್ತಾರಲ್ಲ, ಅವರ ಮನೆಯಲ್ಲಿ 1971ರಲ್ಲಿ ಲಾಕ್‌ಹೀಡ್ ಎಂಬ ವಿಮಾನ ತಯಾರಿಸುವ ಕಂಪನಿಗೆ ಸರ್ಕಾರ ಜಾಮೀನು ನಿಂತಿತು. ಸೆನೆಟ್ಟಿನಲ್ಲಿ 49ಕ್ಕೆ 48 ಓಟು. ಮುಂದೆ ಕ್ರೈಸ್ಲರ್ ಕಾರಿನ ಕಂಪನಿ. 2008ರಲ್ಲಿ ಮನೆಸಾಲದ ಜೂಜಾಡಿದ ದೊಡ್ಡ ಬ್ಯಾಂಕುಗಳು ಬಿದ್ದಾಗ 70,000 ಕೋಟಿ ಡಾಲರಿನ ಮಸೂದೆ ಬಂತು. ಸೆಪ್ಟೆಂಬರ್ 29ರಂದು ಕೆಳಮನೆ ಅದನ್ನು 228ಕ್ಕೆ 205ರಿಂದ ತಳ್ಳಿಹಾಕಿತು, ಹಳ್ಳಿಪಟ್ಟಣಗಳಿಂದ ಜನ ಅಷ್ಟು ಬೈದು ಫೋನು ಮಾಡಿದ್ದರು. ನಾಲ್ಕು ದಿನ ಕಳೆಯುವುದರೊಳಗೆ ಅದೇ ಮನೆ ಅದನ್ನೇ ಪಾಸು ಮಾಡಿತು. ಆಗ ಅಧ್ಯಕ್ಷ ಪದವಿಗೆ ಎದುರುಬದುರು ನಿಂತಿದ್ದ ಒಬಾಮಾ, ಮೆಕೇನ್ ಇಬ್ಬರೂ ಸೆನೆಟ್ಟಿನಲ್ಲಿ ಒಂದೇ ಕಡೆ ಓಟು ಹಾಕಿದರು. ವೇದಿಕೆಯ ಮೇಲೆ ಹಾವು ಮುಂಗುಸಿ, ಒಳಗೆ ಬೀಗರು. ಬ್ಯಾಂಕುಗಳಿಗೆ ಕೊಟ್ಟ ದುಡ್ಡಿನ ಬಹುಭಾಗ ಬಡ್ಡಿ ಸಮೇತ ವಾಪಸ್ಸು ಬಂತು ಎಂದು ಅಲ್ಲಿನ ಸರ್ಕಾರ ಹೇಳುತ್ತದೆ, ಅದು ನಿಜವೇ. ಕಾರು ಕಂಪನಿ ಜನರಲ್ ಮೋಟಾರ್ಸಿನಲ್ಲಿ ಮಾತ್ರ ಸುಮಾರು 1,100 ಕೋಟಿ ಡಾಲರ್ ಮುಳುಗಿತು. ಸಾಲ ವಾಪಸ್ಸು ಬಂದರೂ ಒಂದು ಪಾಠ ಮಾತ್ರ ಉಳಿದುಹೋಯಿತು: ಬೀಳುವಾಗ ದೊಡ್ಡದಾಗಿ ಬೀಳು, ಎತ್ತುವವರು ಬರುತ್ತಾರೆ.

ಆ ಸಮಯದಲ್ಲಿ ಎರಡೂ ಪಕ್ಷಗಳನ್ನು ಎದುರು ಹಾಕಿಕೊಂಡು ಬೇಡ ಎಂದವರಲ್ಲಿ ಲಿಬರ್ಟೇರಿಯನ್ ಎಂದು ಕರೆದುಕೊಳ್ಳುವವರು ಮುಂದಿದ್ದರು. ಟೆಕ್ಸಾಸಿನ ವೈದ್ಯ ರಾನ್ ಪಾಲ್ ಅವರಲ್ಲಿ ಒಬ್ಬರು. ನಮ್ಮ ಮಾತಿನಲ್ಲಿ ಇವರನ್ನು ಸ್ವಾತಂತ್ರ್ಯವಾದಿಗಳು ಎನ್ನಬಹುದು. ಇವರ ವಾದ ನಮ್ಮ ಒಕ್ಕಲುತನದವರಿಗೆ ವಿವರಿಸಿ ಹೇಳಬೇಕಾದ ಅಗತ್ಯವೇ ಇಲ್ಲ. ಲಾಭ ಬಂದಾಗ ತಿಂದವನು ನಷ್ಟ ಬಂದಾಗಲೂ ತಾನೇ ಹೊರಬೇಕು. ಸರ್ಕಾರದ ಕೈಯಲ್ಲಿ ಕೊಡುವ ಅಧಿಕಾರ ಇದ್ದಷ್ಟೂ ಅದನ್ನು ಕೊಳ್ಳಲು ಬರುವವರು ಇದ್ದೇ ಇರುತ್ತಾರೆ, ಪಕ್ಷಗಳು ಅಂಗಡಿ ತೆರೆದು ಕೂತಿರುತ್ತವೆ. ಆದ್ದರಿಂದ ಅಂಗಡಿಯ ಯಜಮಾನನನ್ನು ಬದಲಾಯಿಸಿ ಪ್ರಯೋಜನವಿಲ್ಲ, ಅಂಗಡಿಯಲ್ಲಿರುವ ಸರಕನ್ನು ಕಡಿಮೆ ಮಾಡಬೇಕು. ಇದು ಹೊರಗಿನಿಂದ ಬಂದ ವಿಚಾರ ಎನ್ನುವವರು ರಾಜಾಜಿಯವರನ್ನು ನೆನೆಯಲಿ. ಸಹಕಾರಿ ಬೇಸಾಯದ ಹೆಸರಿನಲ್ಲಿ ಜಮೀನಿಗೆ ಕೈ ಹಾಕುವ ನಿರ್ಣಯ 1959ರ ಆರಂಭದಲ್ಲಿ ನಾಗಪುರದಲ್ಲಿ ಆದಾಗ, ಅದೇ ವರ್ಷ ಅವರು ರೈತ ಮುಖಂಡ ಎನ್.ಜಿ. ರಂಗಾ ಅವರನ್ನು ಅಧ್ಯಕ್ಷರನ್ನಾಗಿ ಮಾಡಿ ಸ್ವತಂತ್ರ ಪಕ್ಷ ಕಟ್ಟಿದರು. ಪರ್ಮಿಟ್-ಲೈಸೆನ್ಸ್-ಕೋಟಾ ರಾಜ್ಯ ಎಂಬ ಬೈಗುಳ ಅವರದೇ. ಆಮೇಲೆ ಶರದ್ ಜೋಷಿ ಬಂದರು. 1981ರಲ್ಲಿ ನಿಪ್ಪಾಣಿಯ ತಂಬಾಕಿನ ರೈತರ ಜೊತೆ ಕೂತವರು. ವಿದೇಶಿ ವ್ಯಾಪಾರದ ವಿಷಯದಲ್ಲಿ ಜೋಷಿಯವರಿಗೂ ನಮ್ಮ ಪ್ರೊಫೆಸರ್ ನಂಜುಂಡಸ್ವಾಮಿಯವರಿಗೂ ಎಣ್ಣೆ ಸೀಗೆಕಾಯಿ, ಓದುಗರಲ್ಲಿ ಅನೇಕರು ಪ್ರೊಫೆಸರರ ಕಡೆ ನಿಂತವರು ಎಂಬುದು ನಮಗೆ ಗೊತ್ತು. ಆ ಜಗಳವನ್ನು ಇವತ್ತು ಎತ್ತುವುದಿಲ್ಲ. ಹಳ್ಳಿಯ ಬಾಗಿಲಲ್ಲಿ "ಅಪ್ಪಣೆಯಿಲ್ಲದೆ ಅಧಿಕಾರಿಗಳು ಒಳಗೆ ಬರಬಾರದು" ಎಂದು ಬೋರ್ಡು ಹಾಕಿದ ಜನಕ್ಕೆ, ಜಪ್ತಿಯಾದ ಸಾಮಾನನ್ನು ಮರುಜಪ್ತಿ ಮಾಡಿಕೊಂಡು ಮನೆಗೆ ತಂದ ಜನಕ್ಕೆ, ಸರ್ಕಾರದ ಕೈ ಚಿಕ್ಕದಾಗಬೇಕು ಎಂಬ ಮಾತು ಹೊಸದಲ್ಲ.

ಈಗ ನೀವು ಕೇಳಿಯೇ ಕೇಳುತ್ತೀರಿ, ಕೇಳಲೂಬೇಕು: "ಹಂಗಾದ್ರೆ ನಮ್ಮ ಸಾಲಮನ್ನಾ? ಅದೂ ತಪ್ಪೇನು?" ಈ ಪ್ರಶ್ನೆಗೆ ಜಾರಿಕೊಳ್ಳದೆ ಉತ್ತರ ಕೊಡದಿದ್ದರೆ ಕಂಪನಿಗಳನ್ನು ಬೈಯುವ ಹಕ್ಕು ನಮಗೆ ಉಳಿಯುವುದಿಲ್ಲ.

ಮೊದಲು ಲೆಕ್ಕ. ಒಇಸಿಡಿ ಮತ್ತು ದಿಲ್ಲಿಯ ಇಕ್ರಿಯರ್ ಸಂಸ್ಥೆಯವರು 2018ರಲ್ಲಿ ಒಂದು ವರದಿ ತಂದರು. 2000ದಿಂದ 2016ರವರೆಗಿನ ಅವಧಿಯಲ್ಲಿ, ಗೊಬ್ಬರ, ಕರೆಂಟಿನ ಸಹಾಯಧನವನ್ನೆಲ್ಲ ಕೂಡಿಸಿದ ಮೇಲೂ, ಸರ್ಕಾರದ ನೀತಿಗಳಿಂದ ಭಾರತದ ರೈತನ ಒಟ್ಟು ಆದಾಯ ವರ್ಷಕ್ಕೆ ಸರಾಸರಿ ನೂರಕ್ಕೆ 14ರಷ್ಟು ಕಡಿಮೆಯಾಗಿದೆ ಎಂಬುದು ಅದರ ಸಾರ. ರಫ್ತಿಗೆ ತಡೆ, ದಾಸ್ತಾನಿಗೆ ಮಿತಿ, ಸಾಗಣೆಗೆ ಕಟ್ಟುಪಾಡು ಹಾಕಿ ಬೆಲೆ ಇಳಿಸಿದ್ದರ ಫಲ. ಅಂದರೆ ಕಂಪನಿಯವನು ತನ್ನ ಆಟದಲ್ಲಿ ಸೋತು ಬಂದು ಕೈ ಚಾಚುತ್ತಾನೆ. ರೈತನನ್ನು ಆಟದ ನಿಯಮವೇ ಸೋಲಿಸುತ್ತದೆ. ಬಲವಂತವಾಗಿ ಕಿತ್ತುಕೊಂಡದ್ದರಲ್ಲಿ ಸ್ವಲ್ಪ ವಾಪಸ್ಸು ಕೊಟ್ಟರೆ ಅದು ದಾನವಲ್ಲ. ಈ ಕಾರಣಕ್ಕೆ ಸಾಲಮನ್ನಾವನ್ನೂ ಕಂಪನಿಯ ಉದ್ಧಾರವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಪಟ್ಟಣದ ಪಂಡಿತರ ಮಾತನ್ನು ನಾವು ಒಪ್ಪುವುದಿಲ್ಲ.

ಆದರೆ ಮನ್ನಾ ಒಳ್ಳೆಯ ಮದ್ದು ಎಂದು ಕೂಡ ಹೇಳಲಾರೆವು. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ 10,000 ರೂಪಾಯಿವರೆಗಿನ ಸಾಲ ಮನ್ನಾ ಮಾಡಿತು. 2008ರ ಬಜೆಟ್ಟಿನಲ್ಲಿ 60,000 ಕೋಟಿಯ ಮನ್ನಾ ಬಂತು. ಆಗ ಐದು ಎಕರೆಯ ಗೆರೆ ಎಳೆದರು. ಒಳಗಿದ್ದವರಿಗೆ ಪೂರ್ತಿ, ಹೊರಗಿದ್ದವರಿಗೆ ಕಾಲು ಭಾಗದ ರಿಯಾಯಿತಿ. ವಿಜಯಪುರದ ಕಡೆ ಹತ್ತು ಎಕರೆ ಬೆದ್ದಲು ಇಟ್ಟುಕೊಂಡು ಮಳೆಗೆ ಬಾಯಿ ಬಿಡುವವನು ದೊಡ್ಡ ರೈತನಾದ, ನಾಲೆ ಕೆಳಗೆ ನಾಲ್ಕು ಎಕರೆ ಗದ್ದೆಯವನು ಬಡವನಾದ. ಒಡವೆ ಮಾರಿ ಸಾಲ ತೀರಿಸಿದವನಿಗೆ ಒಂದು ಬಿಡಿಗಾಸೂ ಇಲ್ಲ. ಕೈಸಾಲ ಮಾಡಿದವನನ್ನು ಕೇಳುವವರೇ ಇಲ್ಲ. ನಮ್ಮ ರಾಜ್ಯದಲ್ಲಿ 2017ರಲ್ಲಿ ಸಹಕಾರ ಸಂಘಗಳ 50,000 ರೂಪಾಯಿವರೆಗಿನ ಸಾಲ ಮನ್ನಾ ಆಯಿತು. 2018ರ ಚುನಾವಣೆಯಲ್ಲಂತೂ ಪಕ್ಷಗಳು ದನದ ಜಾತ್ರೆಯ ಹಾಗೆ ಮೊತ್ತ ಕೂಗಿದವು. ಗೆದ್ದು ಬಂದ ಮೇಲೆ 34,000 ಕೋಟಿ ಎಂದು ಬಜೆಟ್ಟಿನಲ್ಲಿ ಓದಿದರು, ಆಮೇಲೆ ಒಂದೊಂದೇ ಷರತ್ತು ಬಿಚ್ಚಿದರು. ಪಡಿತರ ಚೀಟಿ, ಆಧಾರ್, ಪಹಣಿ ಹಿಡಿದುಕೊಂಡು ನಾಡಕಚೇರಿ, ಸೊಸೈಟಿ ಎಂದು ಅಲೆದವರು ನಾವೇ. ಐದು ವರ್ಷಕ್ಕೊಮ್ಮೆ ಬಾಗಿಲಿಗೆ ಬಂದು ಬೇಡಬೇಕಾದ ಪಕ್ಷ, ಮನ್ನಾದ ಚೀಟಿ ತೋರಿಸಿ ನಮ್ಮನ್ನೇ ತನ್ನ ಬಾಗಿಲಲ್ಲಿ ನಿಲ್ಲಿಸಿಕೊಳ್ಳುತ್ತದೆ. ಅದೇ ಪಕ್ಷದ ಹಿಂಬಾಗಿಲಿನಿಂದ ಕಂಪನಿಯವರು ಹೋಗುತ್ತಾರೆ. 2018ರಿಂದ 2024ರವರೆಗೆ ಚುನಾವಣಾ ಬಾಂಡು ಎಂಬ ಹೆಸರಿಲ್ಲದ ಲಕೋಟೆಗಳಲ್ಲಿ ಪಕ್ಷಗಳಿಗೆ ಹೋದದ್ದು 16,000 ಕೋಟಿಗೂ ಹೆಚ್ಚು. ಸುಪ್ರೀಂ ಕೋರ್ಟು 2024ರ ಫೆಬ್ರವರಿ 15ರಂದು ಅದನ್ನು ರದ್ದು ಮಾಡಿದ ಮೇಲೆ ಪಟ್ಟಿ ಹೊರಬಿತ್ತು. ದೊಡ್ಡ ಪಾಲು ಬಿಜೆಪಿಗೆ, ಆದರೆ ತೃಣಮೂಲ, ಕಾಂಗ್ರೆಸ್, ತೆಲಂಗಾಣದ ಪಕ್ಷ ಯಾರೂ ಉಪವಾಸ ಇರಲಿಲ್ಲ.

ಸ್ವಾತಂತ್ರ್ಯದ ಮಾತನ್ನು ಈ ಪಕ್ಷಗಳ ಬಾಯಲ್ಲಿ ಕೇಳಿದಾಗ ಹುಷಾರಾಗಿರಬೇಕು. 2020ರ ಜೂನ್‌ನಲ್ಲಿ ಸುಗ್ರೀವಾಜ್ಞೆ ತಂದು, ರೈತ ಇನ್ನು ಎಲ್ಲಿ ಬೇಕಾದರೂ ಮಾರಬಹುದು, ಬಿಡುಗಡೆಯಾಯಿತು ಎಂದರು. ಆ ವರ್ಷವೇ ಸೆಪ್ಟೆಂಬರ್ 14ರಂದು ಈರುಳ್ಳಿ ರಫ್ತು ನಿಲ್ಲಿಸಿದರು. ಕೋಲಾರ, ಚಿಕ್ಕಬಳ್ಳಾಪುರದ ಸಣ್ಣ ಗುಲಾಬಿ ಈರುಳ್ಳಿ ಇಲ್ಲಿ ಯಾರೂ ಅಷ್ಟಾಗಿ ತಿನ್ನುವುದಿಲ್ಲ, ಹೊರದೇಶಕ್ಕೇ ಹೋಗುವ ಬೆಳೆ. ಅದಕ್ಕೂ ಬೀಗ! ಕೂಗಾಡಿದ ಮೇಲೆ 10,000 ಟನ್ನಿಗೆ ಅನುಮತಿ ಕೊಟ್ಟರು. 2023ರ ಡಿಸೆಂಬರಿನಲ್ಲಿ ಮತ್ತೆ ರಫ್ತು ಬಂದ್, ತೆರೆದದ್ದು 2024ರ ಮೇ ತಿಂಗಳಲ್ಲಿ. ಕಾಂಗ್ರೆಸ್ಸಿನವರು ನಗಬೇಕಾಗಿಲ್ಲ, 2012ರ ಮಾರ್ಚಿನಲ್ಲಿ ಹತ್ತಿ ರಫ್ತು ನಿಲ್ಲಿಸಿದವರು ಅವರೇ. ಬೆಲೆ ಏರಿದರೆ ಪೇಟೆಯವನನ್ನು ಕಾಪಾಡಲು ನಮ್ಮ ಕೈ ಕಟ್ಟುತ್ತಾರೆ. ಬೆಲೆ ಬಿದ್ದರೆ ಮಾರುಕಟ್ಟೆಯ ನಿಯಮ ಎನ್ನುತ್ತಾರೆ.

ಹಾಗಾದರೆ ಕೇಳಬೇಕಾದದ್ದೇನು? ಒಂದಂತೂ ಸ್ಪಷ್ಟ: ರಫ್ತಿನ ಬಾಗಿಲು, ಕಬ್ಬಿನ ಬೇಲಿ ಇವು ತೆರೆಯಬೇಕು. ಆದರೆ ಅದಕ್ಕಿಂತ ಅವಸರದ, ಯಾರೂ ಮಾತಾಡದ ವಿಷಯವೊಂದಿದೆ, ದಿವಾಳಿ ಕಾನೂನು. ಕಂಪನಿ ಮುಳುಗಿದರೆ ಅದರ ಷೇರುದಾರ ಕಳೆದುಕೊಳ್ಳುವುದು ಹಾಕಿದ ದುಡ್ಡು ಮಾತ್ರ, ಮನೆ ಮಠ ಅಲ್ಲ. 2016ರ ಹೊಸ ದಿವಾಳಿ ಸಂಹಿತೆಯಲ್ಲಿ ಅಲೋಕ್ ಇಂಡಸ್ಟ್ರೀಸ್ ಎಂಬ ಬಟ್ಟೆ ಕಂಪನಿಯ ಸುಮಾರು 29,500 ಕೋಟಿ ಸಾಲ 5,000 ಕೋಟಿ ಚಿಲ್ಲರೆಗೆ ಚುಕ್ತಾ ಆಯಿತು. ಯಾವ ಪಕ್ಷದವರೂ ಅದನ್ನು ಸಾಲಮನ್ನಾ ಎಂದು ಕರೆಯಲಿಲ್ಲ. ನಮ್ಮಲ್ಲಿ ಒಬ್ಬ ಪಾಪರ್ ಆದರೆ ಮಗಳ ಸಂಬಂಧ ಮುರಿಯುತ್ತದೆ, ಟ್ರ್ಯಾಕ್ಟರು ಎಳೆದುಕೊಂಡು ಹೋಗುತ್ತಾರೆ, ಒಡವೆ ಹರಾಜಿನ ನೋಟೀಸು ಪತ್ರಿಕೆಯಲ್ಲಿ ಹೆಸರು ಸಮೇತ ಬರುತ್ತದೆ. ಅದೇ ಸಂಹಿತೆಯ ಮೂರನೇ ಭಾಗದಲ್ಲಿ ಸಾಮಾನ್ಯ ಸಾಲಗಾರನಿಗೂ ಒಂದು ದಾರಿ ಬರೆದಿದ್ದಾರೆ. 2019ರ ಡಿಸೆಂಬರಿನಲ್ಲಿ ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ ಅದನ್ನು ಜಾರಿ ಮಾಡಿದರು. ಉಳಿದವರ ಪಾಲಿಗೆ ಅದು ವರ್ಷಗಟ್ಟಲೆ ಕಾಗದದ ಮೇಲೆಯೇ ಉಳಿಯಿತು. ಅದರಲ್ಲಿ ಹೊಸ ಬದುಕು ಶುರು ಮಾಡಲು ಅವಕಾಶ ಕೊಡುವ ಅಧ್ಯಾಯವೊಂದಿದೆ, ಅದರ ಷರತ್ತು ಕೇಳಿ: ವರ್ಷದ ಆದಾಯ 60,000 ಮೀರಬಾರದು, ಆಸ್ತಿ 20,000 ಮೀರಬಾರದು, ಸಾಲ 35,000 ಮೀರಬಾರದು, ಸ್ವಂತ ಮನೆ ಇರಬಾರದು. ಒಂದು ಜೊತೆ ಎತ್ತು ಇದ್ದವನು ಆ ಬಾಗಿಲಲ್ಲಿ ಹಾಯಲಾರ.

ಅಮೆರಿಕದಲ್ಲಿ 1986ರಲ್ಲಿ, ಅಲ್ಲಿನ ರೈತರು ಬೆಲೆ ಬಿದ್ದು ಸಾಲದಲ್ಲಿ ಮುಳುಗಿದ್ದಾಗ, ರೈತ ಕುಟುಂಬಗಳಿಗೆಂದೇ ದಿವಾಳಿ ಕಾನೂನಿನಲ್ಲಿ ಹನ್ನೆರಡನೇ ಅಧ್ಯಾಯ ಸೇರಿಸಿದರು. ರೈತ ಜಮೀನು ಬಿಟ್ಟುಕೊಡದೆ, ಬೇಸಾಯ ಮಾಡುತ್ತಲೇ, ಮೂರರಿಂದ ಐದು ವರ್ಷದಲ್ಲಿ ತನ್ನ ದುಡಿಮೆಗೆ ತಕ್ಕಷ್ಟು ತೀರಿಸುತ್ತಾನೆ. ಕೋರ್ಟು ಒಪ್ಪಿದ ಯೋಜನೆ ಮುಗಿದರೆ ಉಳಿದ ಬಹುಪಾಲು ಸಾಲದಿಂದ ಬಿಡುಗಡೆ. ಬೊಕ್ಕಸದಿಂದ ದುಡ್ಡು ಹೋಗುವುದಿಲ್ಲ. ಕಣ್ಣು ಮುಚ್ಚಿ ಸಾಲ ಕೊಟ್ಟ ಬ್ಯಾಂಕೂ ತನ್ನ ಪಾಲಿನ ನಷ್ಟ ಹೊರುತ್ತದೆ. ಮಂತ್ರಿಯ ಫೋಟೋ ಇರುವ ಪ್ರಮಾಣಪತ್ರ ಬೇಕಾಗುವುದಿಲ್ಲ, ಯಾವ ಪಕ್ಷಕ್ಕೂ ಕೈ ಮುಗಿಯಬೇಕಾಗಿಲ್ಲ. 2005ರಲ್ಲಿ ಅದನ್ನು ಕಾಯಂ ಮಾಡಿದರು. ಅಂಥ ಕಾನೂನು ಇಲ್ಲಿ ಬಂದರೆ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯಬಹುದು ಎಂಬ ಆಕ್ಷೇಪಣೆ ಇದೆ, ಅದು ಹಗುರಾದ ಆಕ್ಷೇಪಣೆಯಲ್ಲ. ಕಂಪನಿಗಳಿಗೆ ಅಂಥ ಕಾನೂನು ಬಂದಾಗ ಅವರು ಹಿಂಜರಿಯಲಿಲ್ಲವಲ್ಲ ಎಂಬುದು ನಮ್ಮ ಮರುಪ್ರಶ್ನೆ.

ಮುಂದಿನ ಸಂಚಿಕೆಯಲ್ಲಿ ನಮ್ಮ ಸಂಹಿತೆಯ ಮೂರನೇ ಭಾಗದ ಮುಖ್ಯ ಕಲಮುಗಳನ್ನು ತಿಳಿಗನ್ನಡದಲ್ಲಿ ಅಚ್ಚು ಹಾಕುತ್ತೇವೆ. ತಾಲೂಕು ಸಭೆಗೆ ಬರುವಾಗ ನಿಮ್ಮ ಸೊಸೈಟಿಯ ಸಾಲದ ಪಾಸ್‌ಬುಕ್ಕು, ಕಬ್ಬಿನ ಬಿಲ್ಲು, ಕಾರ್ಖಾನೆ ದುಡ್ಡು ಕೊಟ್ಟ ತಾರೀಕು ಬರೆದ ಚೀಟಿ ಜೊತೆಗಿರಲಿ. ಹದಿನಾಲ್ಕು ದಿನ ಮೀರಿದ ಬಿಲ್ಲುಗಳಿಗೆ ಬಡ್ಡಿಯ ಲೆಕ್ಕ ಹಾಕಿಕೊಡಲು ಇಬ್ಬರು ಕಾರ್ಯಕರ್ತರು ಅಲ್ಲಿ ಕೂತಿರುತ್ತಾರೆ.